ಅಜ್ಟೆಕ್, ಇಂಕಾ ಸಾಮ್ರಾಜ್ಯಗಳನ್ನು ಸ್ಪ್ಯಾನಿಷ್ ದಾಳಿಕೋರರು ಹೇಗೆ ಕಂಡರು? ಪದೇ ಪದೇ ಕೇಳುವ ಪ್ರಶ್ನೆಗಳು

ಕೊರ್ಟೆಸ್ ಮೆಕ್ಸಿಕೊ ಗೆದ್ದ, ಪಿಜಾರೊ ಪೆರು ಗೆದ್ದ ಎಂಬ ಎರಡು ಸಾಲಿನಲ್ಲಿ ಪಠ್ಯಪುಸ್ತಕಗಳು ಈ ಚರಿತ್ರೆಯನ್ನು ಮುಗಿಸಿಬಿಡುತ್ತವೆ. ಗೆದ್ದವರು ತಾವು ಕಂಡದ್ದನ್ನು ಬರೆದಿಟ್ಟಿದ್ದಾರೆ, ಅದೂ ಧಾರಾಳವಾಗಿ. ಆ ಬರಹಗಳಲ್ಲಿ ಬೆರಗು, ದುರಾಸೆ, ಭಯ, ತಿರಸ್ಕಾರ ಎಲ್ಲವೂ ಒಂದೇ ಪುಟದಲ್ಲಿ ಸಿಗುತ್ತವೆ. ಪ್ರತಿಯೊಂದು ಬರಹವೂ ಯಾರಿಂದಲೋ ಏನನ್ನೋ ಪಡೆಯಲೆಂದು ಹುಟ್ಟಿದ್ದು. ಇದನ್ನು ನೆನಪಿನಲ್ಲಿಟ್ಟುಕೊಂಡು ಓದಿದರೆ ಅನೇಕ ಗೊಂದಲಗಳು ತಾವಾಗಿಯೇ ಬಗೆಹರಿಯುತ್ತವೆ.

ಇಲ್ಲಿ ಯಾವ ಸಾಮ್ರಾಜ್ಯಗಳ ಬಗ್ಗೆ ಮಾತನಾಡುತ್ತಿದ್ದೇವೆ?

ಮುಖ್ಯವಾಗಿ ಎರಡರ ಬಗ್ಗೆ. ಮೊದಲನೆಯದು ಇಂದಿನ ಮೆಕ್ಸಿಕೊದಲ್ಲಿದ್ದ, ನಾವು ಅಜ್ಟೆಕ್ ಎಂದು ಕರೆಯುವ ಮೆಶಿಕಾ ಜನರ ಸಾಮ್ರಾಜ್ಯ. ಟೆಸ್ಕೊಕೊ ಸರೋವರದ ನಡುಗಡ್ಡೆಯ ಮೇಲೆ ಅವರ ರಾಜಧಾನಿ ತೆನೋಚ್ಟಿಟ್ಲಾನ್ ಇತ್ತು. ಅದು 1325ರಲ್ಲಿ ಸ್ಥಾಪನೆಯಾಯಿತು ಎಂಬುದು ಪರಂಪರೆಯ ಲೆಕ್ಕ. 1428ರ ಸುಮಾರಿಗೆ ಟೆಸ್ಕೊಕೊ ಮತ್ತು ತ್ಲಾಕೋಪಾನ್ ನಗರಗಳ ಜೊತೆ ಕೂಟ ಕಟ್ಟಿಕೊಂಡ ಮೇಲೆ ಅವರ ಬಲ ಏರುತ್ತಾ ಹೋಯಿತು. ಗೆದ್ದ ಊರುಗಳಲ್ಲಿ ಸಾಮಾನ್ಯವಾಗಿ ಹಳೆಯ ಅರಸನನ್ನೇ ಉಳಿಸಿ ಕಪ್ಪಕಾಣಿಕೆ ವಸೂಲಿ ಮಾಡುವುದು ಅವರ ಆಳ್ವಿಕೆಯ ಕ್ರಮ. ಹತ್ತಿ ಬಟ್ಟೆ, ಕೋಕೋ ಬೀಜ, ಹಕ್ಕಿಗರಿ, ಮೆಕ್ಕೆಜೋಳ ಎಲ್ಲವೂ ರಾಜಧಾನಿಗೆ ಹರಿದುಬರುತ್ತಿದ್ದವು.

ಎರಡನೆಯದು ಆಂಡೀಸ್ ಪರ್ವತಶ್ರೇಣಿಯ ಇಂಕಾ ಸಾಮ್ರಾಜ್ಯ. ಅದರ ರಾಜಧಾನಿ ಕುಸ್ಕೊ. ಹದಿನೈದನೇ ಶತಮಾನದಲ್ಲಿ ಪಚಕೂತಿ ಎಂಬ ಅರಸನ ಕಾಲದಿಂದ ವೇಗವಾಗಿ ಬೆಳೆದು, ಇಂದಿನ ಕೊಲಂಬಿಯಾದ ದಕ್ಷಿಣದಿಂದ ಚಿಲಿಯ ನಡುಭಾಗದವರೆಗೆ ಹಬ್ಬಿತ್ತು. ಇಂಕಾಗಳ ಆಡಳಿತ ಮೆಶಿಕಾಗಳಿಗಿಂತ ಹೆಚ್ಚು ಬಿಗಿ. ಜನರು ತೆರಿಗೆಯನ್ನು ದುಡಿಮೆಯ ರೂಪದಲ್ಲಿ ಕೊಡುತ್ತಿದ್ದರು. ರಾಜ್ಯ ಉಗ್ರಾಣಗಳನ್ನು ತುಂಬಿಸಿಟ್ಟು ಸೈನ್ಯಕ್ಕೂ ಕೆಲಸಗಾರರಿಗೂ ಅನ್ನ ಹಾಕುತ್ತಿತ್ತು.

ಸ್ಪ್ಯಾನಿಷರು ಬಂದಾಗ ಇವೆರಡೂ ಸುಮಾರು ನೂರು ವರ್ಷದ ಪ್ರಾಯದ, ಇನ್ನೂ ಬೆಳೆಯುತ್ತಿದ್ದ ಸಾಮ್ರಾಜ್ಯಗಳು. ಮಾಯಾ ಜನರನ್ನು ಈ ಸಾಲಿಗೆ ಸೇರಿಸುವುದು ಸರಿಯಲ್ಲ. ಆ ಹೊತ್ತಿಗೆ ಅವರದು ಒಂದೇ ಸಾಮ್ರಾಜ್ಯವಾಗಿರಲಿಲ್ಲ, ಹಲವು ಸಣ್ಣ ಸಂಸ್ಥಾನಗಳಾಗಿದ್ದವು. ಹಾಗಿದ್ದುದರಿಂದಲೇ ಅವರನ್ನು ಗೆಲ್ಲುವುದು ಕಷ್ಟವಾಯಿತು. ಅವರ ಕೊನೆಯ ಸ್ವತಂತ್ರ ಸಂಸ್ಥಾನದ ರಾಜಧಾನಿ ನೋಹ್‌ಪೆತೇನ್ ಬಿದ್ದದ್ದು 1697ರಲ್ಲಿ.

ತೆನೋಚ್ಟಿಟ್ಲಾನ್ ನಗರವನ್ನು ಮೊದಲು ಕಂಡಾಗ ಸ್ಪ್ಯಾನಿಷರಿಗೆ ಏನನ್ನಿಸಿತು?

ಬೆರಗು. ಈ ವಿಷಯದಲ್ಲಿ ಎಲ್ಲ ಬರಹಗಳೂ ಒಂದೇ ದನಿಯಲ್ಲಿ ಮಾತನಾಡುತ್ತವೆ. 1519ರ ನವೆಂಬರ್ 8ರಂದು ಕೊರ್ಟೆಸ್‌ನ ದಂಡು ಸರೋವರದ ಮೇಲಿನ ಕಟ್ಟೆದಾರಿಯಲ್ಲಿ ನಡೆದು ನಗರದೊಳಗೆ ಹೋಯಿತು. ಆ ದಂಡಿನಲ್ಲಿದ್ದ ಬರ್ನಾಲ್ ದಿಯಾಸ್ ಎಂಬ ಸಿಪಾಯಿ ಮುಪ್ಪಿನಲ್ಲಿ ಗ್ವಾಟೆಮಾಲಾದಲ್ಲಿ ಕುಳಿತು ತನ್ನ ನೆನಪುಗಳನ್ನು ಬರೆದ. ನೀರಿನ ನಡುವೆ ಎದ್ದು ನಿಂತ ಗೋಪುರಗಳನ್ನು ಕಂಡ ಕೆಲವು ಸಿಪಾಯಿಗಳು ತಾವು ಕಾಣುತ್ತಿರುವುದು ಕನಸೇ ಎಂದು ಕೇಳಿದರಂತೆ. ಆ ಕಾಲದ ಸಾಹಸಕಥೆಗಳಲ್ಲಿ ಬರುವ ಮಾಂತ್ರಿಕ ನಗರಿಯನ್ನು ಬಿಟ್ಟರೆ ಅವರಿಗೆ ಬೇರೆ ಹೋಲಿಕೆ ಹೊಳೆಯಲಿಲ್ಲ.

ಕೊರ್ಟೆಸ್ ವ್ಯವಹಾರಸ್ಥ. ಅವನು ಸ್ಪೇನಿನ ದೊರೆ ಐದನೇ ಚಾರ್ಲ್ಸ್‌ಗೆ ಬರೆದ ಪತ್ರದಲ್ಲಿ ಎಲ್ಲವನ್ನೂ ಅಳೆದು ತೂಗಿ ಹೇಳುತ್ತಾನೆ. ನಗರ ಸ್ಪೇನಿನ ಸೆವಿಲ್ಲೆಯಷ್ಟು, ಕೊರ್ದೊಬಾದಷ್ಟು ದೊಡ್ಡದು. ತ್ಲಾಟೆಲೋಲ್ಕೊ ಮಾರುಕಟ್ಟೆಯ ಚೌಕ ಸಾಲಮಾಂಕಾ ಪಟ್ಟಣದ ಎರಡರಷ್ಟಿದೆ. ಅಲ್ಲಿ ದಿನವೂ ಅರವತ್ತು ಸಾವಿರಕ್ಕೂ ಹೆಚ್ಚು ಮಂದಿ ಸೇರುತ್ತಾರೆ. ಒಂದೊಂದು ಸರಕಿಗೆ ಒಂದೊಂದು ಬೀದಿ. ವ್ಯಾಜ್ಯಗಳನ್ನು ಅಲ್ಲೇ ತೀರ್ಮಾನಿಸಲು ಹತ್ತು ಹನ್ನೆರಡು ನ್ಯಾಯಾಧಿಕಾರಿಗಳು ಕುಳಿತಿರುತ್ತಾರೆ. ಕುಡಿಯುವ ನೀರಿನ ಕಾಲುವೆಯ ಬಗ್ಗೆ ಅವನು ಬರೆದದ್ದು ನನಗೆ ತುಂಬ ಇಷ್ಟ: ಚಪುಲ್ಟೆಪೆಕ್ ಕಡೆಯಿಂದ ಬರುವ ಕಲ್ಲಿನ ಕಾಲುವೆಗೆ ಎರಡು ಕೊಳವೆಗಳು. ಒಂದರಲ್ಲಿ ನೀರು ಹರಿಯುತ್ತಿರುವಾಗ ಇನ್ನೊಂದನ್ನು ತೊಳೆದು ಸ್ವಚ್ಛ ಮಾಡುತ್ತಾರೆ. ನೀರು ಒಂದು ದಿನವೂ ನಿಲ್ಲುವುದಿಲ್ಲ. ಯುದ್ಧಕ್ಕೆಂದು ಬಂದವನು ಇಂಥ ಸಣ್ಣ ವಿವರವನ್ನು ಗುರುತಿಸಿದ್ದಾನೆ ಎಂದರೆ ಆ ವ್ಯವಸ್ಥೆ ಅವನ ಕಣ್ಣಿಗೆ ಎಷ್ಟು ಹೊಸದಾಗಿ ಕಂಡಿರಬೇಕು!

ಬರ್ನಾಲ್ ದಿಯಾಸ್ ಹೇಳುವಂತೆ, ಕಾನ್‌ಸ್ಟಾಂಟಿನೋಪಲ್, ರೋಮ್, ಇಟಲಿ ಎಲ್ಲವನ್ನೂ ಸುತ್ತಿ ಬಂದ ಸಿಪಾಯಿಗಳು ಇಷ್ಟು ದೊಡ್ಡ, ಇಷ್ಟು ಶಿಸ್ತಿನ ಸಂತೆಯನ್ನು ತಾವು ಎಲ್ಲೂ ಕಂಡಿಲ್ಲವೆಂದರು. ಅದೇ ಬರಹದಲ್ಲಿ ಇನ್ನೊಂದು ಮಾತೂ ಇದೆ: ತಾನು ಅಂದು ಕಂಡದ್ದೆಲ್ಲ ಈಗ ನೆಲಸಮವಾಗಿದೆ, ಒಂದೂ ಉಳಿದಿಲ್ಲ. ಕೆಡವಿದವರಲ್ಲಿ ಅವನೂ ಒಬ್ಬ.

ಇಷ್ಟು ಮೆಚ್ಚಿದವರು ಹಾಳು ಮಾಡಿದ್ದು ಏಕೆ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದೇ. ಮೆಚ್ಚಿಗೆ ಇದ್ದಲ್ಲಿ ಗೌರವವೂ ಇರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ದಾಳಿಕೋರರಲ್ಲಿ ಮೆಚ್ಚಿಗೆ ಆಸ್ತಿಯ ಬೆಲೆ ಕಟ್ಟುವ ಕೆಲಸ ಮಾಡುತ್ತಿತ್ತು. ನಗರ ಎಷ್ಟು ಭವ್ಯವೋ ಅದನ್ನು ದೊರೆಯ ಪಾದಕ್ಕೆ ತಂದು ಹಾಕಿದವನ ಸೇವೆಯೂ ಅಷ್ಟೇ ದೊಡ್ಡದು, ಅವನಿಗೆ ಸಲ್ಲಬೇಕಾದ ಇನಾಮೂ ಅಷ್ಟೇ ದೊಡ್ಡದು.

ಒಂದು ಘಟನೆಯನ್ನು ಹತ್ತಿರದಿಂದ ನೋಡಿ. ಮೆಶಿಕಾಗಳ ಅರಸ ಮೊಕ್ಟೆಜುಮಾನ ಪಕ್ಷಿಮನೆಗಳನ್ನು ಕೊರ್ಟೆಸ್ ತನ್ನ ಎರಡನೇ ಪತ್ರದಲ್ಲಿ ಮನಸಾರೆ ಬಣ್ಣಿಸುತ್ತಾನೆ. ನೀರುಹಕ್ಕಿಗಳಿಗೆ ಕೊಳಗಳು; ಕಡಲ ಹಕ್ಕಿಗಳಿಗೆ ಉಪ್ಪುನೀರು, ಹೊಳೆಯ ಹಕ್ಕಿಗಳಿಗೆ ಸಿಹಿನೀರು; ಒಂದೊಂದು ಜಾತಿಗೆ ಅದು ಕಾಡಿನಲ್ಲಿ ತಿನ್ನುವ ಆಹಾರವೇ; ಆರೈಕೆಗೆ ಮುನ್ನೂರು ಜನ. ಮುಂದೆ 1521ರಲ್ಲಿ ಮುತ್ತಿಗೆಯ ನಡುವೆ ಅದೇ ಪಕ್ಷಿಮನೆಗಳಿಗೆ ಬೆಂಕಿ ಹಚ್ಚಿಸಿದವನೂ ಅವನೇ. ಆ ಸಂಗತಿಯನ್ನು ಮೂರನೇ ಪತ್ರದಲ್ಲಿ ಮುಚ್ಚುಮರೆ ಇಲ್ಲದೆ ಹೇಳುತ್ತಾನೆ: ಇದರಿಂದ ತನಗೆ ನೋವಾಯಿತು, ಆದರೆ ಶತ್ರುಗಳಿಗೆ ಅದಕ್ಕಿಂತ ಹೆಚ್ಚು ನೋವಾಗುತ್ತದೆ ಎಂದು ತಿಳಿದಿದ್ದರಿಂದ ಸುಡಲು ನಿರ್ಧರಿಸಿದೆ. ಆ ಕಟ್ಟಡಗಳ ಚೆಲುವನ್ನು ಅವನು ಚೆನ್ನಾಗಿ ಬಲ್ಲ. ಆ ತಿಳಿವಳಿಕೆಯೇ ಆಯುಧವಾಯಿತು.

ಅವನದೇ ಪತ್ರದಲ್ಲಿ ಇನ್ನೊಂದು ವಾಕ್ಯ ಬರುತ್ತದೆ. ಇವರು ಅನಾಗರಿಕರು, ದೇವರ ಅರಿವಿನಿಂದ ದೂರ ಉಳಿದವರು, ನಾಗರಿಕ ದೇಶಗಳ ಸಂಪರ್ಕವೇ ಇಲ್ಲದವರು. ಹೀಗಿದ್ದೂ ಎಲ್ಲದರಲ್ಲೂ ಇಂಥ ಸುವ್ಯವಸ್ಥೆ ಸಾಧಿಸಿರುವುದು ಅಚ್ಚರಿ ಎನ್ನುತ್ತಾನೆ. ಕಾಲುವೆ, ನ್ಯಾಯಸ್ಥಾನ, ಸಂತೆ ಎಲ್ಲವನ್ನೂ ಪುಟಗಟ್ಟಲೆ ವರ್ಣಿಸಿದ ಮೇಲೂ ಅನಾಗರಿಕರು ಎಂಬ ತೀರ್ಪು ಮಾತ್ರ ಕದಲಲಿಲ್ಲ. ಕಣ್ಣಾರೆ ಕಂಡದ್ದು ಏನೇ ಇರಲಿ, ಕ್ರೈಸ್ತರಲ್ಲ ಎಂಬ ಒಂದೇ ಕಾರಣ ಆ ತೀರ್ಪಿಗೆ ಸಾಕಾಗಿತ್ತು.

ಅಲ್ಲಿನ ದೇವಾಲಯಗಳನ್ನು ಮಸೀದಿ ಎಂದು ಬರೆದರು ಎನ್ನುತ್ತಾರೆ, ನಿಜವೇ?

ನಿಜ. ಚೊಲುಲಾ ನಗರದಲ್ಲಿ ಒಂದು ಗುಡಿಯ ಮೇಲೆ ನಿಂತು ನಾನೂರಕ್ಕೂ ಹೆಚ್ಚು ಗೋಪುರಗಳನ್ನು ಎಣಿಸಿದೆ, ಎಲ್ಲವೂ ಮಸೀದಿಗಳವು ಎಂದು ಕೊರ್ಟೆಸ್ ಬರೆದಿದ್ದಾನೆ. ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯ ಗ್ರನಾದಾ ಬಿದ್ದದ್ದು 1492ರ ಜನವರಿಯಲ್ಲಿ. ಕೊಲಂಬಸ್ ಹೊರಟದ್ದು ಅದೇ ವರ್ಷ. ಮೆಕ್ಸಿಕೊಗೆ ಬಂದ ಸಿಪಾಯಿಗಳು ಆ ಯುದ್ಧದ ಕಥೆಗಳನ್ನು ಕೇಳಿ ಬೆಳೆದ ತಲೆಮಾರಿನವರು. ಅನ್ಯಧರ್ಮೀಯರ ನಾಡನ್ನು ಗೆಲ್ಲುವುದು, ಮಸೀದಿಯನ್ನು ಚರ್ಚು ಮಾಡುವುದು, ಗೆದ್ದವರಿಗೆ ಭೂಮಿ ಹಂಚುವುದು, ಈ ಕ್ರಮ ಅವರಿಗೆ ಮೊದಲೇ ರೂಢಿಯಾಗಿತ್ತು. ಮೆಶಿಕಾ ಗುಡಿಯನ್ನು ಮಸೀದಿ ಎಂದು ಬರೆದ ಕೂಡಲೇ ಮುಂದೆ ಏನು ಮಾಡಬೇಕೆಂಬುದೂ ನಿರ್ಧಾರವಾದಂತೆ.

ಹೋಲಿಕೆಗಳೆಲ್ಲವೂ ಇದೇ ಬಗೆಯವಲ್ಲ. ಮೆಶಿಕಾಗಳಿಗೆ ಎದುರಾಳಿಯಾಗಿದ್ದ ತ್ಲಾಸ್ಕಾಲಾ ನಗರ ಗ್ರನಾದಾಕ್ಕಿಂತ ದೊಡ್ಡದು, ಹೆಚ್ಚು ಭದ್ರವಾದದ್ದು ಎಂದ ಕೊರ್ಟೆಸ್, ಒಬ್ಬನೇ ಒಡೆಯನಿಲ್ಲದ ಅಲ್ಲಿನ ಆಡಳಿತ ವೆನಿಸ್, ಜಿನೋವಾ, ಪೀಸಾಗಳ ಹಾಗಿದೆ ಎಂದೂ ಗುರುತಿಸಿದ. ಅದು ತಕ್ಕಮಟ್ಟಿಗೆ ಸರಿಯಾದ ಗ್ರಹಿಕೆ.

ಕೊರ್ಟೆಸ್‌ನ ಪತ್ರಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಕಟ್ಟಡ, ಸಂತೆ, ಕಾಲುವೆಗಳ ವಿಷಯದಲ್ಲಿ ಬಹುಮಟ್ಟಿಗೆ ನಂಬಬಹುದು. ಪುರಾತತ್ವ ಅವನ ಮಾತನ್ನು ಅನೇಕ ಕಡೆ ಎತ್ತಿಹಿಡಿದಿದೆ. ರಾಜಕೀಯದ ವಿಷಯದಲ್ಲಿ ತುಂಬ ಎಚ್ಚರ ಬೇಕು.

ಕೊರ್ಟೆಸ್ ಕ್ಯೂಬಾದಿಂದ ಹೊರಟದ್ದು ಅಲ್ಲಿನ ಗವರ್ನರ್ ದಿಯೇಗೊ ವೆಲಾಸ್ಕೆಸ್‌ನ ಪರವಾಗಿ. ಕೊನೆಗಳಿಗೆಯಲ್ಲಿ ವೆಲಾಸ್ಕೆಸ್ ಅವನನ್ನು ತಡೆಯಲು ನೋಡಿದರೂ ನಿಲ್ಲದೆ ಹೋದ. ಕಾನೂನಿನ ಕಣ್ಣಿನಲ್ಲಿ ಅವನು ದಂಗೆಕೋರ. ದೊರೆಯ ಕ್ಷಮೆ ಮತ್ತು ಪದವಿ ಸಿಗದಿದ್ದರೆ ತಲೆದಂಡವೇ ಗತಿ. ಹೀಗಿರುವಾಗ, ಮೊಕ್ಟೆಜುಮಾ ತಾನಾಗಿಯೇ ರಾಜ್ಯವನ್ನು ಸ್ಪೇನಿನ ದೊರೆಗೆ ಒಪ್ಪಿಸಿದ, ತನ್ನ ಪೂರ್ವಿಕರ ನಿಜವಾದ ಒಡೆಯ ನಿಮ್ಮ ದೊರೆಯೇ ಇರಬೇಕು ಎಂದ, ಎಂಬ ಭಾಷಣವನ್ನು ಕೊರ್ಟೆಸ್ ಪತ್ರದಲ್ಲಿ ಬರೆಯುತ್ತಾನೆ. ಪತ್ರದ ತಾರೀಖು 1520ರ ಅಕ್ಟೋಬರ್ 30. ಅದಕ್ಕೆ ನಾಲ್ಕು ತಿಂಗಳ ಹಿಂದೆ, ಜೂನ್ 30ರ ರಾತ್ರಿ, ಮೆಶಿಕಾಗಳು ಅವನ ದಂಡನ್ನು ನಗರದಿಂದ ಹೊಡೆದೋಡಿಸಿದ್ದರು. ಆಗ ಅವನ ಕೈಯಲ್ಲಿ ನಗರವೇ ಇರಲಿಲ್ಲ. ರಾಜ್ಯ ಆಗಲೇ ದೊರೆಯದಾಗಿತ್ತು ಎಂದು ತೋರಿಸಿದರೆ ಮೆಶಿಕಾಗಳ ಪ್ರತಿರೋಧ ರಾಜದ್ರೋಹವಾಗುತ್ತದೆ, ಅವನ ಮರುದಾಳಿ ನ್ಯಾಯವಾಗುತ್ತದೆ. ಆ ಭಾಷಣ ಅವನಿಗೆ ಎಷ್ಟು ಅನುಕೂಲವಾಗಿದೆ ಎಂಬುದೇ ಅದನ್ನು ಅನುಮಾನಿಸಲು ಕಾರಣ.

ಸ್ಥಳೀಯರು ಸ್ಪ್ಯಾನಿಷರನ್ನು ದೇವರೆಂದು ಭಾವಿಸಿದರೇ?

ಕೊರ್ಟೆಸ್‌ನನ್ನು ಮರಳಿ ಬಂದ ಕೆಟ್ಸಾಲ್‌ಕೋಟ್ಲ್ ದೇವರೆಂದು ಮೊಕ್ಟೆಜುಮಾ ನಂಬಿದ ಎಂಬ ಕಥೆ ಬಹಳ ಜನಪ್ರಿಯ. ಆದರೆ ಕೊರ್ಟೆಸ್‌ನ ಪತ್ರಗಳಲ್ಲಿ ಆ ದೇವರ ಹೆಸರೇ ಇಲ್ಲ. ಕಥೆ ಮೈದುಂಬಿಕೊಂಡದ್ದು ಸೋಲಿನ ನಂತರದ ದಶಕಗಳಲ್ಲಿ. ಗೆದ್ದವರಿಗೆ ಅದು ಹೆಮ್ಮೆ ತಂದಿತು. ಸೋತ ಪೀಳಿಗೆಯ ಮಕ್ಕಳಿಗೆ, ಇಷ್ಟು ದೊಡ್ಡ ರಾಜ್ಯ ಹೇಗೆ ಬಿತ್ತು ಎಂಬುದಕ್ಕೆ ಒಂದು ಉತ್ತರ ಕೊಟ್ಟಿತು. ಹೊಸಬರು ಯಾರು, ಏನು ಎಂಬ ಅನುಮಾನ, ಚರ್ಚೆ ಅರಮನೆಯಲ್ಲಿ ನಡೆದಿದ್ದಿರಬೇಕು. ಅಷ್ಟರಿಂದ ಮೆಶಿಕಾಗಳು ಮಂಕುಬಡಿದು ಕುಳಿತರು ಎನ್ನುವುದು ಅನ್ಯಾಯ. 1520ರಲ್ಲಿ ದಂಡನ್ನು ಓಡಿಸಿದವರೂ ಅವರೇ, ಮರುವರ್ಷ ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಹಸಿವಿನಲ್ಲಿ ಕಾದಾಡಿದವರೂ ಅವರೇ.

ನರಬಲಿ ಸ್ಪ್ಯಾನಿಷರು ಕಟ್ಟಿದ ಕಥೆಯೇ?

ಅಲ್ಲ. ಮೂಲನಿವಾಸಿಗಳ ಪರ ನಿಲ್ಲುವ ಉತ್ಸಾಹದಲ್ಲಿ ಕೆಲವರು ಇದನ್ನು ಅಲ್ಲಗಳೆಯುತ್ತಾರೆ, ಅದು ತಪ್ಪು. ತೆನೋಚ್ಟಿಟ್ಲಾನ್ ಇದ್ದ ಜಾಗದಲ್ಲೇ ಇರುವ ಇಂದಿನ ಮೆಕ್ಸಿಕೊ ನಗರದಲ್ಲಿ, ಮಹಾದೇವಾಲಯದ ಬಳಿ 2015ರಲ್ಲಿ ಪುರಾತತ್ವಜ್ಞರು ತಲೆಬುರುಡೆಗಳನ್ನು ಜೋಡಿಸಿಟ್ಟ ಕಟ್ಟೆಯನ್ನೇ ಪತ್ತೆ ಮಾಡಿದರು. ಸ್ಥಳೀಯ ಚಿತ್ರಗ್ರಂಥಗಳಲ್ಲೂ ಬಲಿಯ ಚಿತ್ರಗಳಿವೆ. ಆಂಡೀಸ್‌ನ ಎತ್ತರದ ಶಿಖರಗಳಲ್ಲಿ ಇಂಕಾಗಳು ಬಲಿಕೊಟ್ಟ ಮಕ್ಕಳ ದೇಹಗಳು ಹಿಮದಲ್ಲಿ ಕೆಡದೆ ಸಿಕ್ಕಿವೆ.

ಪ್ರಶ್ನೆ ಇರುವುದು ಸಂಖ್ಯೆಯ ಬಗ್ಗೆ ಮತ್ತು ಆ ಸಂಖ್ಯೆಯ ಬಳಕೆಯ ಬಗ್ಗೆ. 1487ರಲ್ಲಿ ಮಹಾದೇವಾಲಯದ ಪ್ರತಿಷ್ಠೆಗೆ ಎಂಬತ್ತು ಸಾವಿರ ಜನರನ್ನು ಬಲಿ ಕೊಟ್ಟರು ಎಂಬಂಥ ಅಂಕಿಗಳನ್ನು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ. ಬಲಿ ದೊಡ್ಡದಾದಷ್ಟೂ ದಾಳಿ ಪುಣ್ಯಕಾರ್ಯವಾಗಿ ಕಾಣುತ್ತದೆ. ಚೊಲುಲಾದಲ್ಲಿ ಕೊರ್ಟೆಸ್‌ನ ದಂಡು ಕೆಲವೇ ಗಂಟೆಗಳಲ್ಲಿ ಸಾವಿರಾರು ಮಂದಿಯನ್ನು ಕೊಂದಿತು. 1520ರ ಮೇ ತಿಂಗಳಲ್ಲಿ ಕೊರ್ಟೆಸ್‌ನ ಸಹನಾಯಕ ಪೆದ್ರೊ ದೆ ಅಲ್ವರಾದೊ ಹಬ್ಬದ ಕುಣಿತದಲ್ಲಿದ್ದ, ಕೈಯಲ್ಲಿ ಆಯುಧವಿಲ್ಲದ ಮೆಶಿಕಾ ಪ್ರಮುಖರನ್ನು ಕೊಲ್ಲಿಸಿದ. ಇದನ್ನೆಲ್ಲ ಅವರು ಮುಂಜಾಗ್ರತೆ ಎಂದು ಬರೆದುಕೊಂಡರು.

ಕೆಲವು ನೂರು ಜನ ಇಷ್ಟು ದೊಡ್ಡ ಸಾಮ್ರಾಜ್ಯಗಳನ್ನು ಗೆದ್ದದ್ದು ಹೇಗೆ?

ಕೆಲವು ನೂರು ಜನ ಗೆಲ್ಲಲಿಲ್ಲ. 1521ರ ಮುತ್ತಿಗೆಯಲ್ಲಿ ಸ್ಪ್ಯಾನಿಷರು ಹೆಚ್ಚುಕಡಿಮೆ ಒಂಬೈನೂರು ಮಂದಿ ಇದ್ದರೆ, ಅವರ ಬೆನ್ನಿಗೆ ನಿಂತ ಸ್ಥಳೀಯ ಯೋಧರು ಹತ್ತಾರು ಸಾವಿರ. ತ್ಲಾಸ್ಕಾಲಾದವರಿಗೆ ಮೆಶಿಕಾಗಳ ಜೊತೆ ಹಳೆಯ ಹಗೆ. ಅವರ ಲೆಕ್ಕದಲ್ಲಿ ಅದು ತಮ್ಮ ಯುದ್ಧ, ಸ್ಪ್ಯಾನಿಷರು ಜೊತೆಗೆ ಬಂದವರು. ಮುಂದೆ ಅವರು ಆ ಸೇವೆಯ ಚಿತ್ರಪಟಗಳನ್ನು ಬರೆಸಿ ಸ್ಪೇನಿನ ದೊರೆಯ ಮುಂದೆ ಹಕ್ಕು ಕೇಳಿದರು. ಭಾಷೆಯ ಕೆಲಸವನ್ನು ಮಲಿಂಟ್ಸಿನ್ ಎಂಬ, ಗುಲಾಮಳಾಗಿ ಕೈಯಿಂದ ಕೈಗೆ ದಾಟಿ ಬಂದ ಯುವತಿ ಮಾಡಿದಳು. ಅವಳಿಲ್ಲದೆ ಕೊರ್ಟೆಸ್‌ಗೆ ಒಂದು ಹೆಜ್ಜೆಯೂ ಮುಂದಿಡಲು ಆಗುತ್ತಿರಲಿಲ್ಲ.

ಇದರ ಜೊತೆ ಸಿಡುಬು. 1520ರಲ್ಲಿ ಹಬ್ಬಿದ ಸಿಡುಬಿಗೆ ಮೊಕ್ಟೆಜುಮಾನ ನಂತರ ಪಟ್ಟಕ್ಕೆ ಬಂದ ಕ್ವಿಟ್ಲಾವಾಕ್ ಬಲಿಯಾದ. ಕೊನೆಯ ಅರಸ ಕ್ವಾಹ್ಟೆಮೋಕ್ 1521ರ ಆಗಸ್ಟ್ 13ರಂದು ಸೆರೆಯಾದ. ಚಿನ್ನ ಎಲ್ಲಿದೆ ಎಂದು ಬಾಯಿ ಬಿಡಿಸಲು ಅವನ ಪಾದಗಳನ್ನು ಸುಟ್ಟರು; 1525ರಲ್ಲಿ ಗಲ್ಲಿಗೇರಿಸಿದರು. ಪೆರುವಿನಲ್ಲಿ ಅರಸ ವಾಯ್ನಾ ಕಾಪಾಕ್ ಸತ್ತ ಮೇಲೆ ಅವನ ಮಕ್ಕಳಾದ ವಾಸ್ಕರ್ ಮತ್ತು ಅತಾವಾಲ್ಪಾ ನಡುವೆ ಅಂತರ್ಯುದ್ಧ ನಡೆದು ಆಗಷ್ಟೇ ಮುಗಿದಿತ್ತು. ಪಿಜಾರೊ ಕಾಲಿಟ್ಟದ್ದು ಆ ಗಾಯದ ಮೇಲೆ. ಸ್ಪ್ಯಾನಿಷ್ ಬರಹಗಳಲ್ಲಿ ಮಿತ್ರಸೈನ್ಯ ಹಿನ್ನೆಲೆಗೆ ಸರಿದು, ದೇವರ ಕೃಪೆ ಮತ್ತು ಕತ್ತಿಯ ಬಲ ಮುಂದೆ ಬರುತ್ತವೆ. ಇನಾಮು ಹಂಚಿಕೊಳ್ಳಲು ಯಾರಿಗೂ ಇಷ್ಟವಿರಲಿಲ್ಲ.

ಇಂಕಾ ಸಾಮ್ರಾಜ್ಯದ ಬಗ್ಗೆ ಅವರು ಏನು ಬರೆದರು?

ಮೊದಲು ರಸ್ತೆ. ಕಡಿದಾದ ಬೆಟ್ಟಗಳಲ್ಲಿ ಕಲ್ಲು ಹಾಸಿದ ದಾರಿ, ಕಣಿವೆಗಳ ಮೇಲೆ ಹಗ್ಗದ ತೂಗುಸೇತುವೆ, ದಾರಿಯುದ್ದಕ್ಕೂ ತಂಗುದಾಣ ಮತ್ತು ಉಗ್ರಾಣ. ಇಂಥ ಬೆಟ್ಟದ ಸೀಮೆಯಲ್ಲಿ ಇಷ್ಟು ಸುಂದರ ರಸ್ತೆಗಳು ಕ್ರೈಸ್ತಲೋಕದಲ್ಲೇ ಇಲ್ಲ ಎಂದು ಪಿಜಾರೊನ ತಮ್ಮ ಎರ್ನಾಂದೊ 1533ರಲ್ಲೇ ಬರೆದ. ಮೂವತ್ತು ಸಾವಿರ ಕಿಲೋಮೀಟರ್‌ಗಳಷ್ಟು ಹಬ್ಬಿದ್ದ ಆ ಮಾರ್ಗಜಾಲವನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಎರ್ನಾಂದೊನ ಪತ್ರದಲ್ಲಿ ಒಂದು ಸಣ್ಣ ದೃಶ್ಯವಿದೆ. ದಂಡಿನವರು ಉಗ್ರಾಣದಿಂದ ಸೌದೆ, ಮೆಕ್ಕೆಜೋಳ, ಕುರಿಗಳಂಥ ಲಾಮಾ ಪ್ರಾಣಿಗಳನ್ನು ತೆಗೆದುಕೊಂಡಾಗ, ಲೆಕ್ಕದವನು ತನ್ನ ದಾರಗಳಲ್ಲಿ ದಾಸ್ತಾನಿನ ಕಡೆಯ ಕೆಲವು ಗಂಟುಗಳನ್ನು ಬಿಚ್ಚಿ ಇನ್ನೊಂದು ಕಡೆ ಕಟ್ಟಿಕೊಂಡ. ಕಿಪು ಎಂಬ ಗಂಟುಲೆಕ್ಕ ಅದು. ಇಂಕಾ ಅರಸ ಸೆರೆಯಾಗಿದ್ದಾನೆ, ಪರದೇಶದ ಕುದುರೆ ಸವಾರರು ಮನಬಂದದ್ದನ್ನು ಎತ್ತಿಕೊಳ್ಳುತ್ತಿದ್ದಾರೆ. ಅವನು ಮಾತ್ರ ಖರ್ಚನ್ನು ಖರ್ಚಿನ ಕಡೆ ಬರೆಯುತ್ತಿದ್ದಾನೆ. ಇಡೀ ಇಂಕಾ ಆಡಳಿತ ಹೇಗೆ ನಡೆಯುತ್ತಿತ್ತು ಎಂಬುದು ಆ ಬೆರಳುಗಳಲ್ಲಿ ಕಾಣುತ್ತದೆ.

ಭಯವೂ ಇತ್ತು. 1532ರ ನವೆಂಬರ್ 16ರಂದು ಕಾಹಮಾರ್ಕಾದ ಚೌಕದಲ್ಲಿ 168 ಸ್ಪ್ಯಾನಿಷರು ಅಡಗಿ ಕುಳಿತು ಅತಾವಾಲ್ಪಾನ ಪಲ್ಲಕ್ಕಿಗಾಗಿ ಕಾಯುತ್ತಿದ್ದರು. ಅನೇಕರು ಹೆದರಿಕೆಯಿಂದ ತಮಗರಿವಿಲ್ಲದೆಯೇ ಉಚ್ಚೆ ಹೊಯ್ದುಕೊಂಡರು ಎಂದು ಪಿಜಾರೊನ ದಾಯಾದಿ ಪೆದ್ರೊ ಪಿಜಾರೊ ನೆನೆಸಿಕೊಳ್ಳುತ್ತಾನೆ. ಸಂಜೆಯ ಹೊತ್ತಿಗೆ ಸಾವಿರಾರು ಜನ ಸತ್ತಿದ್ದರು, ಅರಸ ಸೆರೆಯಾಗಿದ್ದ. ಬಿಡುಗಡೆಗಾಗಿ ಅವನು ಒಂದು ಕೋಣೆಯ ತುಂಬ ಚಿನ್ನ, ಅದರ ಎರಡರಷ್ಟು ಬೆಳ್ಳಿ ಕೊಡುವುದಾಗಿ ಹೇಳಿ ಮಾತು ಉಳಿಸಿಕೊಂಡ. 1533ರ ಜುಲೈನಲ್ಲಿ ಅವನ ಕತ್ತು ಹಿಸುಕಿ ಕೊಂದರು.

ಬಂದ ಆಭರಣ, ವಿಗ್ರಹ, ಪಾತ್ರೆಗಳನ್ನೆಲ್ಲ ಕರಗಿಸಿ ಗಟ್ಟಿ ಮಾಡಿದರು. ಆರು ಟನ್ನಿನಷ್ಟು ಚಿನ್ನ, ಅದರ ಎರಡರಷ್ಟು ಬೆಳ್ಳಿ. ಮೆಕ್ಸಿಕೊದಲ್ಲಿ ನಡೆದದ್ದೂ ಇದೇ: ಗರಿಯ ಕೆಲಸದ ಗುರಾಣಿಗಳಿಂದ ಚಿನ್ನ ಕಿತ್ತುಕೊಂಡು ಉಳಿದದ್ದನ್ನು ಸುಟ್ಟರು. 1520ರಲ್ಲಿ ಬ್ರಸೆಲ್ಸ್‌ನಲ್ಲಿ ಮೆಕ್ಸಿಕೊದ ಕಾಣಿಕೆಗಳನ್ನು ಕಂಡ ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್, ತನ್ನ ಜೀವಮಾನದಲ್ಲಿ ಇಷ್ಟು ಸಂತೋಷ ಕೊಟ್ಟ ವಸ್ತುಗಳನ್ನು ಕಂಡಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡ. ಅವನು ಸ್ವತಃ ಅಕ್ಕಸಾಲಿಗನ ಮಗ. ಕೆಲಸಗಾರಿಕೆಯ ಬೆಲೆ ಬಲ್ಲ ಕಣ್ಣು ಹೇಗೆ ನೋಡುತ್ತದೆ, ತೂಕದ ಕಣ್ಣು ಹೇಗೆ ನೋಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕುಸ್ಕೊ ಮೇಲಿನ ಸಕ್ಸಾಯ್ವಾಮಾನ್ ಕೋಟೆಯ ಬಂಡೆಗಳನ್ನು ಕಂಡ ಪಿಜಾರೊನ ಕಾರ್ಯದರ್ಶಿ ಪೆದ್ರೊ ಸಾಂಚೊ, ಸ್ಪೇನಿನ ಸೆಗೋವಿಯಾದ ರೋಮನ್ ಕಾಲುವೆಯೂ ಇದಕ್ಕೆ ಸಾಟಿಯಲ್ಲ ಎಂದ. ಆಮೇಲೆ ಅದೇ ಕೋಟೆಯ ಕಲ್ಲುಗಳನ್ನು ಕಿತ್ತು ಸ್ಪ್ಯಾನಿಷರು ಮನೆ, ಚರ್ಚು ಕಟ್ಟಿಕೊಂಡರು. ಹೊರಲಾಗದ ಬಂಡೆಗಳು ಮಾತ್ರ ಅಲ್ಲೇ ಉಳಿದವು.

ಸ್ಪ್ಯಾನಿಷರಲ್ಲಿ ಎಲ್ಲರೂ ಒಂದೇ ರೀತಿ ಯೋಚಿಸಿದರೇ?

ಇಲ್ಲ. 1511ರಲ್ಲೇ ಕೆರಿಬಿಯನ್ ಕಡಲಿನ ಹಿಸ್ಪಾನಿಯೋಲಾ ದ್ವೀಪದ ಚರ್ಚಿನಲ್ಲಿ ಪಾದ್ರಿ ಅಂತೋನಿಯೊ ದೆ ಮೊಂತೆಸಿನೋಸ್, ಇವರು ಮನುಷ್ಯರಲ್ಲವೇ, ಇವರಿಗೆ ಆತ್ಮವಿಲ್ಲವೇ ಎಂದು ಸ್ಪ್ಯಾನಿಷ್ ಒಡೆಯರ ಮುಖಕ್ಕೇ ಕೇಳಿದ. ಸರ್ಕಾರದ ಉತ್ತರ ಬೇರೆ ಬಗೆಯದು. 1513ರಲ್ಲಿ ಒಂದು ಘೋಷಣಾಪತ್ರ ಸಿದ್ಧವಾಯಿತು. ದಾಳಿಗೆ ಮುನ್ನ ಅದನ್ನು ಓದಬೇಕು: ಪೋಪ್ ಮತ್ತು ದೊರೆಯ ಅಧಿಕಾರ ಒಪ್ಪಿಕೊಳ್ಳಿ, ಇಲ್ಲವಾದರೆ ಯುದ್ಧ ಮಾಡುತ್ತೇವೆ, ಹೆಂಡತಿ ಮಕ್ಕಳನ್ನು ಗುಲಾಮರನ್ನಾಗಿ ಮಾಡುತ್ತೇವೆ, ಅದರ ಹೊಣೆ ನಿಮ್ಮದೇ. ಕೇಳುವವರಿಗೆ ಅರ್ಥವಾಗದ ಭಾಷೆಯಲ್ಲಿ, ಎಷ್ಟೋ ಸಲ ಯಾರೂ ಇಲ್ಲದ ಕಡೆಯಲ್ಲಿ ಓದಿ ಮುಗಿಸುತ್ತಿದ್ದರು. ಇದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ ಎಂದವನು ಬಾರ್ತೊಲೊಮೆ ದೆ ಲಾಸ್ ಕಾಸಾಸ್. ಮೊದಲು ತಾನೇ ಆಳುಗಳನ್ನು ಇಟ್ಟುಕೊಂಡಿದ್ದು, ಮುಂದೆ ಎಲ್ಲ ಬಿಟ್ಟು ಜೀವಮಾನವಿಡೀ ಸ್ಥಳೀಯರ ಪರ ವಾದಿಸಿದ ಪಾದ್ರಿ.

1550–51ರಲ್ಲಿ ವಾಯಾದೊಲಿದ್ ಪಟ್ಟಣದಲ್ಲಿ ದೊರೆಯೇ ಒಂದು ವಿಚಾರಸಭೆ ಕರೆಸಿದ. ಒಂದು ಕಡೆ ಲಾಸ್ ಕಾಸಾಸ್. ಇನ್ನೊಂದು ಕಡೆ ಹುವಾನ್ ಹಿನೇಸ್ ದೆ ಸೆಪುಲ್ವೆದಾ ಎಂಬ ಪಂಡಿತ. ಕೆಲವರು ಹುಟ್ಟಿನಿಂದಲೇ ಗುಲಾಮಗಿರಿಗೆ ತಕ್ಕವರು ಎಂಬ ಅರಿಸ್ಟಾಟಲ್‌ನ ಮಾತನ್ನು ಸೆಪುಲ್ವೆದಾ ಅಮೆರಿಕದ ಜನರಿಗೆ ಅನ್ವಯಿಸಿದ. ಅವನು ಅಮೆರಿಕವನ್ನು ನೋಡಿಯೇ ಇರಲಿಲ್ಲ. ಲಾಸ್ ಕಾಸಾಸ್ ಮೆಶಿಕಾ ಮತ್ತು ಇಂಕಾ ನಗರಗಳನ್ನು, ಕಾನೂನುಗಳನ್ನು, ಕಲೆಯನ್ನು ಸಾಕ್ಷಿಯಾಗಿ ತಂದ. ತೀರ್ಪು ಹೊರಬರಲಿಲ್ಲ, ದಾಳಿಗಳೂ ನಿಲ್ಲಲಿಲ್ಲ. ಆದರೂ, ತಾನು ಗೆದ್ದದ್ದು ನ್ಯಾಯವೇ ಎಂದು ಒಂದು ಸಾಮ್ರಾಜ್ಯ ಬಹಿರಂಗವಾಗಿ ವಾದ ಮಾಡಿಸಿದ್ದು ಅಪರೂಪದ ಸಂಗತಿ.

ಗೆದ್ದ ಮೇಲೆ ಅಭಿಪ್ರಾಯ ಬದಲಾಯಿತೇ?

ಅಗತ್ಯಕ್ಕೆ ತಕ್ಕಂತೆ ಬದಲಾಯಿತು. ಗೆಲ್ಲುವಾಗ ಶತ್ರು ಮಹಾ ಸಾಮ್ರಾಟನಾಗಿರಬೇಕಿತ್ತು. ಗೆದ್ದು ಆಳುವಾಗ ಅವನು ನ್ಯಾಯವಾದ ಅರಸನೇ ಆಗಿರಬಾರದು. 1569ರಲ್ಲಿ ಪೆರುವಿಗೆ ವೈಸರಾಯ್ ಆಗಿ ಬಂದ ಫ್ರಾನ್ಸಿಸ್ಕೊ ದೆ ತೊಲೆದೊ, ಇಂಕಾಗಳು ಬಲವಂತದಿಂದ ನಾಡು ಕಬಳಿಸಿದ ದಬ್ಬಾಳಿಕೆಗಾರರು ಎಂದು ಸಾಬೀತುಪಡಿಸಲು ಊರೂರಲ್ಲಿ ವಿಚಾರಣೆ ನಡೆಸಿ ಹೇಳಿಕೆ ಪಡೆದ. ಅದೇ ಉದ್ದೇಶಕ್ಕೆ ಸರ್ಮಿಯೆಂತೊ ದೆ ಗಂಬೋವಾನಿಂದ ಇತಿಹಾಸವನ್ನೂ ಬರೆಸಿದ. ಆ ಇತಿಹಾಸ ಮುಗಿದ 1572ರಲ್ಲೇ ಕೊನೆಯ ಇಂಕಾ ಅರಸ ತುಪಾಕ್ ಅಮರುವಿನ ತಲೆಯನ್ನು ಕುಸ್ಕೊ ಚೌಕದಲ್ಲಿ ಕಡಿಸಿದರು. ಇಂಕಾಗಳ ಹಳೆಯ ದುಡಿಮೆ ತೆರಿಗೆಯ ಪದ್ಧತಿಯನ್ನು ಮಾತ್ರ ತೊಲೆದೊ ಉಳಿಸಿಕೊಂಡ. ಅದನ್ನು ಪೊತೊಸಿಯ ಬೆಳ್ಳಿಗಣಿಗೆ ಆಳುಗಳನ್ನು ಅಟ್ಟುವ ಯಂತ್ರವಾಗಿ ಮಾಡಿದ.

ಇದಕ್ಕೆ ಎದುರಾಗಿ ಒಂದು ಉಯಿಲು ಇದೆ. ಪಿಜಾರೊನ ಕಾಲದ ದಂಡಿನಲ್ಲಿದ್ದ ಮಾನ್ಸಿಯೊ ಸೆರ್ರಾ ದೆ ಲೆಗಿಸಾಮೊನ್ 1589ರಲ್ಲಿ ಕುಸ್ಕೊದಲ್ಲಿ ಸಾಯುವ ಮುನ್ನ ಅದನ್ನು ಬರೆಸಿದ. ಸೂರ್ಯದೇವಾಲಯದ ಚಿನ್ನದ ಸೂರ್ಯಬಿಂಬ ಪಾಲಿಗೆ ಬಂದು, ಅದನ್ನು ಒಂದೇ ರಾತ್ರಿ ಜೂಜಿನಲ್ಲಿ ಕಳೆದನೆಂದು ಪ್ರತೀತಿ ಇರುವ ಆಸಾಮಿ ಅವನು. ಉಯಿಲಿನಲ್ಲಿ ದೊರೆಗೆ ಹೇಳುತ್ತಾನೆ: ನಾವು ಬಂದಾಗ ಈ ನಾಡಿನಲ್ಲಿ ಕಳ್ಳರಿರಲಿಲ್ಲ, ಸೋಮಾರಿಗಳಿರಲಿಲ್ಲ; ಜನ ಬಾಗಿಲಿಗೆ ಒಂದು ಕೋಲು ಅಡ್ಡವಿಟ್ಟು ಹೋದರೆ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ; ನಾವು ಬೀಗ ಹಾಕುವುದನ್ನು ಕಂಡು ನಮ್ಮಲ್ಲಿ ಕಳ್ಳರಿದ್ದಾರೆಂದು ತಿಳಿದು ತುಚ್ಛವಾಗಿ ಕಂಡರು; ನಮ್ಮ ಕೆಟ್ಟ ಮಾದರಿಯಿಂದ ಇವರನ್ನು ಕೆಡಿಸಿದೆವು. ಇದರಲ್ಲಿ ಉತ್ಪ್ರೇಕ್ಷೆ ಇದೆ. ಇಂಕಾ ಆಳ್ವಿಕೆಯಲ್ಲಿ ಬಲವಂತದ ವಲಸೆ, ದಂಗೆ, ಕ್ರೂರ ಶಿಕ್ಷೆ ಎಲ್ಲವೂ ಇದ್ದವು. ಆದರೂ ಈ ಬರಹ ದೊರೆಯಿಂದ ಇನಾಮು ಕೇಳುವುದಿಲ್ಲ, ತನ್ನ ಆತ್ಮದ ಭಾರ ಇಳಿಸಿಕೊಳ್ಳಲು ನೋಡುತ್ತದೆ. ಆ ಕಾರಣಕ್ಕೆ ನನಗೆ ಇದು ಈ ಇಡೀ ರಾಶಿಯಲ್ಲೇ ಹೆಚ್ಚು ಮುಖ್ಯವಾದ ದಾಖಲೆ.

ವಿಜಯನಗರದ ಜೊತೆ ಹೋಲಿಸಬಹುದೇ?

ಕಾಲ ಹೊಂದುತ್ತದೆ. ಕೊರ್ಟೆಸ್ ತೆನೋಚ್ಟಿಟ್ಲಾನ್ ಬಗ್ಗೆ ಬರೆಯುತ್ತಿದ್ದ 1520ರ ಆಸುಪಾಸಿನಲ್ಲೇ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಕೃಷ್ಣದೇವರಾಯನ ರಾಜಧಾನಿಗೆ ಬಂದು, ಬೆಟ್ಟ ಹತ್ತಿ ನೋಡಿ, ಇದು ರೋಮಿನಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಬರೆದ. ಪರಿಚಿತ ನಗರದ ಹೆಸರು ಹೇಳಿ ಅಳೆಯುವ ರೀತಿ, ಸಂತೆಯ ಸರಕುಗಳ ಪಟ್ಟಿ, ಕಾಲುವೆ ಕೆರೆಗಳ ಬಗ್ಗೆ ಕುತೂಹಲ, ಎಲ್ಲವೂ ಕೊರ್ಟೆಸ್‌ನ ಪತ್ರದ ಹಾಗೆಯೇ ಇವೆ. ವ್ಯತ್ಯಾಸ ಇಬ್ಬರೂ ನಿಂತ ಜಾಗದ್ದು. ಪೋರ್ಚುಗೀಸರು ಹಂಪಿಗೆ ಬಂದದ್ದು ಕುದುರೆ ಮಾರುವವರಾಗಿ, ರಾಯನ ಕೃಪೆ ಬೇಡುವವರಾಗಿ. ಹಾಗಾಗಿ ಪಾಯೆಸ್ ರಾಯನಿಗೆ ಪರಿಪೂರ್ಣ ದೊರೆ ಎಂಬ ಹೊಗಳಿಕೆ ಕೊಡಲು ಹಿಂಜರಿಯಲಿಲ್ಲ.

ನಮ್ಮ ಅಡುಗೆಮನೆಯಲ್ಲೂ ಈ ಚರಿತ್ರೆಯ ಪಾಲಿದೆ. ಮೆಣಸಿನಕಾಯಿ, ಮೆಕ್ಕೆಜೋಳ, ಟೊಮೆಟೊ, ಆಲೂಗಡ್ಡೆ ಎಲ್ಲವೂ ಅಮೆರಿಕದ ಮೂಲನಿವಾಸಿಗಳು ಸಾವಿರಾರು ವರ್ಷ ಸಾಕಿ ಬೆಳೆಸಿದ ಬೆಳೆಗಳು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ರಾಶಿ ಬೀಳುವ ಮೆಣಸಿನಕಾಯಿಯ ಪೂರ್ವಿಕರು ತ್ಲಾಟೆಲೋಲ್ಕೊ ಸಂತೆಯಲ್ಲೂ ರಾಶಿ ಬೀಳುತ್ತಿದ್ದವು.

ಸೋತವರು ತಮ್ಮ ಕಡೆಯ ಕಥೆ ಬರೆದಿಟ್ಟಿದ್ದಾರೆಯೇ?

ಬಹಳಷ್ಟನ್ನು ಸುಟ್ಟರು. 1562ರಲ್ಲಿ ಯುಕತಾನ್‌ನ ಮಾನಿ ಊರಿನಲ್ಲಿ ಪಾದ್ರಿ ದಿಯೇಗೊ ದೆ ಲಾಂಡಾ ಮಾಯಾ ಗ್ರಂಥಗಳನ್ನು ರಾಶಿ ಹಾಕಿ ಬೆಂಕಿ ಕೊಟ್ಟ. ಜನ ವಿಪರೀತ ಸಂಕಟಪಟ್ಟರು ಎಂದು ಅವನೇ ಬರೆದಿದ್ದಾನೆ. ಇಂದು ಲೋಕದಲ್ಲಿ ಉಳಿದಿರುವ ಮಾಯಾ ಗ್ರಂಥಗಳು ನಾಲ್ಕೇ.

ಉಳಿದದ್ದೂ ಕಡಿಮೆ ಅಮೂಲ್ಯವಲ್ಲ. ಪಾದ್ರಿ ಬೆರ್ನಾರ್ದಿನೊ ದೆ ಸಾಹಾಗುನ್ ಮತ್ತು ಅವನ ನಾಹುವಾ (ಮೆಶಿಕಾಗಳೂ ಸೇರಿದ ಜನವರ್ಗ) ಶಿಷ್ಯರು ದಶಕಗಳ ಕಾಲ ಹಿರಿಯರ ಮಾತನ್ನು ಅವರದೇ ನಾಹುವಾತ್ಲ್ ಭಾಷೆಯಲ್ಲಿ ಬರೆದುಕೊಂಡು ಹನ್ನೆರಡು ಸಂಪುಟ ಮಾಡಿದರು. ಅದರಲ್ಲಿ ಸ್ಪ್ಯಾನಿಷರು ಚಿನ್ನ ಕಂಡಾಗ ಮಂಗಗಳ ಹಾಗೆ ಎತ್ತಿ ಎತ್ತಿ ನೋಡಿದರು, ಹಂದಿಗಳ ಹಾಗೆ ಹಸಿದಿದ್ದರು ಎಂಬ ಮಾತಿದೆ. ನೋಡುವ ಅಧಿಕಾರ ಒಂದು ಕಡೆಯವರದೇ ಆಗಿರಲಿಲ್ಲ. ಇಂಕಾ ರಾಜಮನೆತನದ ತಾಯಿಗೆ ಹುಟ್ಟಿದ ಗಾರ್ಸಿಲಾಸೊ 1609ರಲ್ಲಿ ತನ್ನ ತಾಯಿಯ ಕಡೆಯವರ ಇತಿಹಾಸ ಪ್ರಕಟಿಸಿದ. ವಾಮಾನ್ ಪೋಮಾ ಎಂಬ ಆಂಡೀಸ್‌ನ ಸ್ಥಳೀಯ 1615ರ ಸುಮಾರಿಗೆ ಸಾವಿರಕ್ಕೂ ಹೆಚ್ಚು ಪುಟಗಳ, ಸುಮಾರು ನಾನೂರು ಚಿತ್ರಗಳ ಅಹವಾಲನ್ನು ಸ್ಪೇನಿನ ದೊರೆಗೆ ಬರೆದ. ದೊರೆ ಓದಿದ ಕುರುಹಿಲ್ಲ. ಹಸ್ತಪ್ರತಿ 1908ರಲ್ಲಿ ಕೋಪನ್‌ಹೇಗನ್‌ನ ಗ್ರಂಥಾಲಯದಲ್ಲಿ ಪತ್ತೆಯಾಯಿತು.

ಎಲ್ಲಿಂದ ಓದಲು ಆರಂಭಿಸಬೇಕು?

ಕೊರ್ಟೆಸ್‌ನ ಎರಡನೇ ಪತ್ರ ಮತ್ತು ಸಾಹಾಗುನ್‌ನ ಹನ್ನೆರಡನೇ ಸಂಪುಟವನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಎರಡಕ್ಕೂ ಇಂಗ್ಲಿಷ್ ಅನುವಾದಗಳಿವೆ. ಒಂದೇ ಘಟನೆಯನ್ನು ಆರಿಸಿಕೊಳ್ಳಿ, ಉದಾಹರಣೆಗೆ ಚೊಲುಲಾ ಹತ್ಯಾಕಾಂಡ. ಒಂದರಲ್ಲಿ ಅದು ಪಿತೂರಿಗೆ ಕೊಟ್ಟ ಶಿಕ್ಷೆ. ಇನ್ನೊಂದರಲ್ಲಿ ಏನೂ ಅರಿಯದೆ ಸೇರಿದ್ದ ಜನರ ಕೊಲೆ. ಇಂಕಾಗಳ ವಿಷಯಕ್ಕೆ ವಾಮಾನ್ ಪೋಮಾನ ಚಿತ್ರಗಳಿಂದ ಶುರು ಮಾಡುವುದು ಒಳ್ಳೆಯದು. ಕೋಪನ್‌ಹೇಗನ್ ಗ್ರಂಥಾಲಯ ಇಡೀ ಹಸ್ತಪ್ರತಿಯನ್ನು ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿದೆ, ಚಿತ್ರ ನೋಡಲು ಸ್ಪ್ಯಾನಿಷ್ ಬರಬೇಕೆಂದೇನೂ ಇಲ್ಲ.